ಐದರ ತನಕ ಇಬ್ಬರೂ ಸರಿ

ಮೊದಲು ಒಂದು ಪ್ರಶ್ನೆ. ಪೆನ್ನು ಬೇಡ, ಕ್ಯಾಲ್ಕುಲೇಟರ್ ಬೇಡ. ಸುಮ್ನೆ ನೋಡಿ ಹೇಳಿ.

1, 13, 135, 1357, 13579, ?

ಮುಂದಿನ ಸಂಖ್ಯೆ ಯಾವುದು?

ನಮ್ಮ ಚಿಕ್ಕಪ್ಪನ ಮಗಳು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಪ್ಲೇಸ್‌ಮೆಂಟ್ ಪರೀಕ್ಷೆಗೆ ತಯಾರಿ ನಡೀತಿದೆ. ಯಾವುದೋ ಅಭ್ಯಾಸ ಪತ್ರಿಕೆಯಲ್ಲಿದ್ದ ಈ ಪ್ರಶ್ನೆಯ ಫೋಟೊ ವಾಟ್ಸಾಪ್ ಮಾಡಿ ಕೇಳಿದಳು: "ಅಣ್ಣಾ, ನಾನು 135791 ಅಂತ ಟಿಕ್ ಮಾಡಿದೆ. ತಪ್ಪು ಅಂತ ಮೈನಸ್ ಮಾರ್ಕ್ಸ್ ಕೊಟ್ಟಿದಾರೆ. ಯಾಕೆ?"

ಪತ್ರಿಕೆಯ ಪ್ರಕಾರ ಸರಿಯುತ್ತರ 1357911.

ಅವಳ ಲೆಕ್ಕ ಹೀಗೆ: ಒಂದು, ಮೂರು, ಐದು, ಏಳು, ಒಂಬತ್ತು. ಐದೂ ಬೆಸ ಅಂಕಿ ಮುಗಿದವು, ಮತ್ತೆ ಒಂದರಿಂದ ಶುರು. ಪತ್ರಿಕೆಯವರ ಲೆಕ್ಕ ಹೀಗೆ: ಒಂಬತ್ತಾದ ಮೇಲಿನ ಬೆಸ ಸಂಖ್ಯೆ ಹನ್ನೊಂದು, ಅದನ್ನು ಬಾಲಕ್ಕೆ ಅಂಟಿಸು. ಎರಡರಲ್ಲಿ ಯಾವುದು ತಪ್ಪು ಹೇಳಿ ನೋಡೋಣ. ಕೊಟ್ಟಿರೋ ಐದು ಸಂಖ್ಯೆಗಳಿಗೂ ಎರಡು ನಿಯಮವೂ ಸರಿಯಾಗಿ ಹೊಂದುತ್ತವೆ. ಐದರ ತನಕ ಇಬ್ಬರೂ ಒಂದೇ ದಾರಿಯಲ್ಲಿ ನಡೆದು, ಆರನೇ ಹೆಜ್ಜೆಯಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ.

ಅವಳಿಗೆ "ಇಬ್ಬರೂ ಸರಿ, ಪ್ರಶ್ನೆಯೇ ಅರ್ಧ" ಅಂತ ಉತ್ತರ ಕಳಿಸಿದೆ. ಮಾರ್ಕ್ಸ್ ವಾಪಸ್ ಬರಲ್ಲ, ಅದು ಬೇರೆ ಮಾತು. ಆದರೆ ಆ ಎರಡು ದಾರಿಗಳು ಮುಂದೆ ಎಲ್ಲಿಗೆ ಹೋಗುತ್ತವೆ ಅಂತ ನೋಡುವ ಕುತೂಹಲ ನನಗೆ ಬಿಡಲಿಲ್ಲ. ನೋಡಿದ್ದನ್ನೇ ಇಲ್ಲಿ ಬರೀತಿದೀನಿ.

ಎರಡು ಯಂತ್ರಗಳು

ತಂಗಿಯ ನಿಯಮವನ್ನು ಒಂದು ಯಂತ್ರ ಅಂದುಕೊಳ್ಳಿ. ಅದಕ್ಕೆ ನೆನಪಿಡಬೇಕಾದ್ದು ಒಂದೇ: ಐದರಲ್ಲಿ ಈಗ ಎಷ್ಟನೇ ಜಾಗದಲ್ಲಿದ್ದೇನೆ? ಖಂಡ ಚಾಪು ತಾಳ ಹಾಕಿದ ಹಾಗೆ. ಐದು ಎಣಿಕೆ ಮುಗಿಯಿತು, ಮತ್ತೆ ಮೊದಲಿಂದ. ಹಾಡು ಐದು ನಿಮಿಷ ಇರಲಿ, ಐದು ಗಂಟೆ ಇರಲಿ, ತಾಳ ಹಾಕುವ ಕೈಗೆ ಐದಕ್ಕಿಂತ ಹೆಚ್ಚು ನೆನಪು ಬೇಕಿಲ್ಲ. ಕೋಡ್ ಬರೆಯುವವರಿಗಾದರೆ ಐದರ ಮಾಡ್ಯುಲೊ, ಒಂದು ಸಾಲಿನ ಕೆಲಸ.

ಪತ್ರಿಕೆಯವರ ಯಂತ್ರ ಹಾಗಲ್ಲ. 9 ಆಯ್ತು, 11 ಆಯ್ತು, 13 ಆಯ್ತು. ಎಲ್ಲಿಯವರೆಗೆ ಬಂದಿದ್ದೇನೆ ಅನ್ನೋದನ್ನು ಅದು ಹೊತ್ತುಕೊಂಡೇ ಸಾಗಬೇಕು, ಹೊರೆ ಬೆಳೆಯುತ್ತಲೇ ಇರುತ್ತದೆ. ತಂಗಿಯ ಸರಣಿಯಲ್ಲಿ 50ನೇ ಸಂಖ್ಯೆಗೆ 50 ಅಂಕಿ. ಪತ್ರಿಕೆಯ ಸರಣಿಯಲ್ಲಿ ಮೊದಲ ಐದು ಸಲ ಒಂದೊಂದೇ ಅಂಕಿ ಸೇರುತ್ತದೆ, ಆಮೇಲೆ 11ರಿಂದ 99ರವರೆಗಿನ 45 ಬೆಸ ಸಂಖ್ಯೆಗಳು ಎರಡೆರಡು ಅಂಕಿ ಸೇರಿಸುತ್ತವೆ. ಹಾಗಾಗಿ ಅದರ 50ನೇ ಸಂಖ್ಯೆಗೆ 95 ಅಂಕಿ.

ಇನ್ನೊಂದು ಮಜಾ ಇದೆ. ಪತ್ರಿಕೆಯ ಸರಣಿಯ ಮೊದಲ ಹತ್ತು ಸಂಖ್ಯೆಗಳನ್ನು ಬರೆದು ನೋಡಿ. ಹತ್ತನೆಯದು 135791113151719. ಒಂದೇ ಒಂದು ಸಮ ಅಂಕಿ ಇಲ್ಲ. ಹತ್ತು ಸಲ ನೋಡಿದ ಯಾರಿಗಾದರೂ "ಓ, ಇದರಲ್ಲಿ ಬೆಸ ಅಂಕಿಗಳು ಮಾತ್ರ ಬರ್ತವೆ" ಅನ್ನಿಸುತ್ತದೆ. ಹನ್ನೊಂದನೇ ಸಲ 21 ಬಂದು ಸೇರುತ್ತದೆ. ಎರಡು ಕಾಣಿಸಿತು, ನಿಯಮ ಮುರಿಯಿತು. ತಂಗಿಯ ಸರಣಿಯಲ್ಲಿ ಮಾತ್ರ ಎಂದೆಂದಿಗೂ ಸಮ ಅಂಕಿ ಬರುವುದಿಲ್ಲ.

ಒಂದು ಲಕ್ಷಕ್ಕೆ ಒಂದು ಕಮ್ಮಿ

ಹೈಸ್ಕೂಲಿನಲ್ಲಿ 0.333... ಅಂದರೆ 3/9, 0.121212... ಅಂದರೆ 12/99 ಅಂತ ಕಲಿತಿದ್ದು ನೆನಪಿದೆಯಾ? ತಂಗಿಯ ಸರಣಿಗೆ ಅದೇ ಸಾಕು.

0.135791357913579... ಅಂತ ಮುಗಿಯದ ದಶಮಾಂಶ ತೆಗೆದುಕೊಳ್ಳಿ. ಅದನ್ನು ಒಂದು ಲಕ್ಷದಿಂದ ಗುಣಿಸಿದರೆ 13579.1357913579... ಬರುತ್ತದೆ. ಬಿಂದುವಿನ ಆಚೆಗಿನ ಬಾಲ ಮೊದಲಿನದ್ದೇ. ಮೂಲ ಸಂಖ್ಯೆಯನ್ನು ಕಳೆದುಬಿಡಿ, ಬಾಲ ಹೋಯಿತು, 13579 ಉಳಿಯಿತು. ಅಂದರೆ ಆ ದಶಮಾಂಶದ 99,999 ಪಟ್ಟು ಸರಿಯಾಗಿ 13579. ಹಾಗಾಗಿ ಅದು 13579/99999.

ಇಷ್ಟು ಸಿಕ್ಕಿದರೆ ಸರಣಿಯ ಯಾವ ಸಂಖ್ಯೆಯೂ ನೇರವಾಗಿ ಸಿಗುತ್ತದೆ. ನೂರನೆಯದು ಬೇಕಾ? ಈ ಭಿನ್ನರಾಶಿಯನ್ನು ಹತ್ತರ ನೂರನೇ ಘಾತದಿಂದ ಗುಣಿಸಿ, ಬಿಂದುವಿನ ಆಚೆಗಿನದ್ದನ್ನು ಎಸೆಯಿರಿ. ಮೊದಲ ತೊಂಬತ್ತೊಂಬತ್ತನ್ನು ಹಾದುಹೋಗಬೇಕಿಲ್ಲ. ಒಂದು ತುಂಡು ಮತ್ತೆ ಮತ್ತೆ ಬರುತ್ತದೆ ಅಂದರೆ, ಇಡೀ ಅನಂತವನ್ನು ಎರಡು ಸಣ್ಣ ಪೂರ್ಣಾಂಕಗಳಲ್ಲಿ ಮಡಚಿ ಜೇಬಿಗಿಟ್ಟುಕೊಳ್ಳಬಹುದು.

ಪತ್ರಿಕೆಯ ಸರಣಿಗೆ ಈ ಭಾಗ್ಯ ಇಲ್ಲ. 0.1357911131517... ಅನ್ನೋದನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲು ಸಾಧ್ಯವಿಲ್ಲ. ಇದಕ್ಕೆ ಕಾರಣ ಸರಳ. 101 ಬೆಸ, 10001 ಬೆಸ, 1000000001 ಕೂಡ ಬೆಸ. ಇವೆಲ್ಲ ಈ ದಶಮಾಂಶದಲ್ಲಿ ಎಲ್ಲೋ ಒಂದು ಕಡೆ ಬಂದೇ ಬರುತ್ತವೆ. ಅಂದರೆ ಎಷ್ಟು ಉದ್ದದ ಸೊನ್ನೆಗಳ ಸಾಲು ಬೇಕೆಂದರೂ, ಎಷ್ಟೇ ಮುಂದೆ ಹೋಗಿ ಹುಡುಕಿದರೂ ಇದರಲ್ಲಿ ಸಿಗುತ್ತದೆ. ಈಗ ಇದು ಯಾವುದೋ ಒಂದು ತುಂಡನ್ನೇ ಸುತ್ತಿ ಸುತ್ತಿ ಹೇಳುತ್ತಿದೆ ಅಂದುಕೊಳ್ಳಿ. ಆ ತುಂಡಿನ ಎರಡರಷ್ಟು ಉದ್ದದ ಸೊನ್ನೆ ಸಾಲು ಸಿಕ್ಕಿತು ಅಂದರೆ, ಒಂದು ಇಡೀ ತುಂಡು ಅದರೊಳಗೇ ಕೂತಿದೆ. ಹಾಗಾದರೆ ತುಂಡೇ ಪೂರ್ತಿ ಸೊನ್ನೆ, ಅಲ್ಲಿಂದಾಚೆ ಬರೀ ಸೊನ್ನೆ. ಆದರೆ ಬೆಸ ಸಂಖ್ಯೆಗಳು ಎಲ್ಲಿ ನಿಲ್ಲುತ್ತವೆ? ಆದ್ದರಿಂದ ಇದು ಅಭಾಗಲಬ್ಧ ಸಂಖ್ಯೆ.

ಅಷ್ಟೇ ಅಲ್ಲ. 1946ರಲ್ಲಿ ಕೋಪ್‌ಲ್ಯಾಂಡ್ ಮತ್ತು ಎರ್ಡಿಶ್ ಎಂಬ ಇಬ್ಬರು ಗಣಿತಜ್ಞರು ಸಾಧಿಸಿದ ಒಂದು ಪ್ರಮೇಯದ ಪ್ರಕಾರ, ಈ ದಶಮಾಂಶದಲ್ಲಿ ದೂರ ಹೋದಂತೆಲ್ಲ 0ರಿಂದ 9ರವರೆಗಿನ ಹತ್ತೂ ಅಂಕಿಗಳಿಗೆ ಸಮಪಾಲು, ಪ್ರತಿಯೊಂದಕ್ಕೂ ಹತ್ತನೇ ಒಂದು. ಶುರುವಿನಲ್ಲಿ ಸಮ ಅಂಕಿಯ ಸುಳಿವೂ ಇಲ್ಲದ ಸರಣಿಯ ಕೊನೆಯ ಗತಿ ಇದು. ತಂಗಿಯದ್ದು ಐದೇ ಅಂಕಿಗಳ ಜಗತ್ತು, ಪತ್ರಿಕೆಯದ್ದು ಎಲ್ಲಕ್ಕೂ ಜಾಗ ಇರುವ ಜಗತ್ತು. ಎರಡಕ್ಕೂ ಬಾಗಿಲು ಮಾತ್ರ ಒಂದೇ: 1, 13, 135, 1357, 13579.

ಏಳು ಸಲ ಸರಿ

"ಐದೇ ಉದಾಹರಣೆ ಕೊಟ್ಟಿದ್ದೇ ತಪ್ಪು, ಇನ್ನೂ ಎರಡು ಕೊಟ್ಟಿದ್ದರೆ ಗೊಂದಲ ಇರ್ತಿರಲಿಲ್ಲ" ಅನ್ನಬಹುದು. ಸರಿ, ಏಳು ಕೊಡ್ತೀನಿ.

31, 331, 3331, 33331, 333331, 3333331, 33333331.

ಬರೀ ಮೂರುಗಳು, ಕೊನೆಗೆ ಒಂದು 1. ಏಳೂ ಅವಿಭಾಜ್ಯ ಸಂಖ್ಯೆಗಳು. ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಮೂರು ಕೋಟಿ ದಾಟಿದ ಮೇಲೂ ಬಿರುಕಿಲ್ಲ. ಎಂಟನೆಯದಕ್ಕೆ ಪಣ ಕಟ್ಟುತ್ತೀರಾ?

ಕಟ್ಟಬೇಡಿ. 333333331 ಅಂದರೆ 17 × 19607843.

ಇದು ಬರೀ ದುರದೃಷ್ಟ ಅಲ್ಲ, ಇದರ ಹಿಂದೆ ಕಾರಣ ಇದೆ. ಈ ಸರಣಿಯಲ್ಲಿ ಒಂದರಿಂದ ಮುಂದಿನದಕ್ಕೆ ಹೋಗೋದು ಹೇಗೆ? ಹತ್ತರಿಂದ ಗುಣಿಸಿ 21 ಕೂಡಿಸಿ. 31ಕ್ಕೆ ಹಾಗೆ ಮಾಡಿದರೆ 331, ಅದಕ್ಕೆ ಮಾಡಿದರೆ 3331. ಈಗ ಪೂರ್ತಿ ಸಂಖ್ಯೆಯನ್ನು ಮರೆತು, 17ರಿಂದ ಭಾಗಿಸಿದರೆ ಉಳಿಯುವ ಶೇಷವನ್ನಷ್ಟೇ ಬರೆಯುತ್ತಾ ಹೋಗಿ: 14, 8, 16, 11, 12, 5, 3, 0. ಎಂಟನೇ ಹೆಜ್ಜೆಯಲ್ಲಿ ಸೊನ್ನೆ, ಅಂದರೆ 17ರಿಂದ ಸರಿಯಾಗಿ ಭಾಗ ಹೋಯಿತು. ಶೇಷಕ್ಕೆ ಇರುವ ಜಾಗ ಹದಿನೇಳೇ, 0ರಿಂದ 16. ಅದು ಎಷ್ಟು ದಿನ ಅಂತ ಹೊಸ ಜಾಗ ಹುಡುಕುತ್ತದೆ? ಹಳೇ ಜಾಗಕ್ಕೆ ವಾಪಸ್ ಬರಲೇಬೇಕು. ಇಲ್ಲಿ ಹದಿನಾರು ಹೆಜ್ಜೆಗೊಮ್ಮೆ ಸುತ್ತು ಮುಗಿಯುತ್ತದೆ. ಆದ್ದರಿಂದ 8ನೆಯದು, 24ನೆಯದು, 40ನೆಯದು, ಹೀಗೆ ಕೊನೆಯಿಲ್ಲದಷ್ಟು ಸಂಖ್ಯೆಗಳು 17ರಿಂದ ಭಾಗವಾಗುತ್ತವೆ.

ಅಂದರೆ "ಎಲ್ಲವೂ ಅವಿಭಾಜ್ಯ" ಅನ್ನುವ ವಿನ್ಯಾಸ ಮುರಿದದ್ದು ಇನ್ನೊಂದು ವಿನ್ಯಾಸದಿಂದ. ಮೊದಲನೆಯದನ್ನು ನಾವು ಕಣ್ಣಿಂದ ನೋಡಿ ನಂಬಿದ್ದೆವು, ಎರಡನೆಯದು ಯಾಕೆ ಹಾಗೆ ಅಂತ ನಮಗೆ ಗೊತ್ತು. ವ್ಯತ್ಯಾಸ ಇರೋದು ಅಲ್ಲೇ.

ರಂಗೋಲಿ ಚುಕ್ಕಿ ಹೇಳುವ ಕಾರಣ

ಹಾಗಾದರೆ ಯಾವ ವಿನ್ಯಾಸವನ್ನೂ ನಂಬಲೇಬಾರದಾ? ನಂಬಬಹುದು, ಕಾರಣ ಸಿಕ್ಕಿದರೆ.

ಬೆಸ ಸಂಖ್ಯೆಗಳ ವಿಷಯದಲ್ಲಿ ಅಂಥ ಒಂದು ಮಾತನ್ನು ನಮ್ಮ ನೆಲದಲ್ಲೇ ಸಾವಿರದ ನೂರು ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದಾರೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಪುಸ್ತಕವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಸಂಪಾದಿಸಿದ್ದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಒಂದು ಸಂಖ್ಯೆಯ ವರ್ಗ ಕಂಡುಹಿಡಿಯಲು ಮಹಾವೀರ ಹೇಳುವ ದಾರಿಗಳಲ್ಲಿ ಒಂದು ಇದು: 1ರಿಂದ ಶುರುಮಾಡಿ, ಎರಡೆರಡು ಹೆಚ್ಚಿಸುತ್ತಾ, ಅಷ್ಟು ಸಂಖ್ಯೆಗಳನ್ನು ಕೂಡಿಸು. ನಾಲ್ಕರ ವರ್ಗ ಬೇಕಾದರೆ 1 + 3 + 5 + 7, ಹದಿನಾರು. ಘನಕ್ಕೂ ಇದರದ್ದೇ ತಮ್ಮ ಇದ್ದಾನೆ: ಆ ಸಂಖ್ಯೆಯಿಂದಲೇ ಶುರುಮಾಡಿ, ಅದರ ಎರಡರಷ್ಟು ಹೆಚ್ಚಿಸುತ್ತಾ, ಅಷ್ಟೇ ಸಲ ಕೂಡಿಸು. ನಾಲ್ಕರ ಘನ 4 + 12 + 20 + 28, ಅರವತ್ತನಾಲ್ಕು. ಸ್ವಲ್ಪ ನೋಡಿದರೆ ಇದೂ 1, 3, 5, 7ರ ನಾಲ್ಕು ಪಟ್ಟೇ.

ಇದು ನಾಲ್ಕಕ್ಕೆ ಸರಿ, ನಲವತ್ತಕ್ಕೆ? 31, 331ರ ಹಾಗೆ ಎಲ್ಲೋ ಕೈಕೊಡುವುದಿಲ್ಲ ಅಂತ ಏನು ಗ್ಯಾರಂಟಿ?

ಮನೆ ಮುಂದಿನ ರಂಗೋಲಿಯೇ ಗ್ಯಾರಂಟಿ. ಸಾಲಿಗೆ ಮೂರರಂತೆ ಮೂರು ಸಾಲು ಚುಕ್ಕಿ ಇಡಿ. ಅದನ್ನು ನಾಲ್ಕು ನಾಲ್ಕರ ಚೌಕ ಮಾಡಬೇಕು. ಬಲಕ್ಕೆ ಮೂರು ಚುಕ್ಕಿ, ಕೆಳಗೆ ಮೂರು ಚುಕ್ಕಿ, ಮೂಲೆಯಲ್ಲಿ ಒಂದು, ಒಟ್ಟು ಏಳು. ಅದನ್ನು ಐದರ ಚೌಕ ಮಾಡಲು ನಾಲ್ಕು, ನಾಲ್ಕು, ಮೂಲೆಗೊಂದು, ಒಟ್ಟು ಒಂಬತ್ತು. ಚೌಕ ಎಷ್ಟೇ ದೊಡ್ಡದಿರಲಿ, ಎರಡು ಬದಿ ಮತ್ತು ಒಂದು ಮೂಲೆ. ಎರಡು ಸಮಪಾಲಿಗೆ ಒಂದು ಸೇರಿದರೆ ಬೆಸ ಬರದೆ ಇನ್ನೇನು? ಪ್ರತಿ ಸಲ ಬದಿ ಒಂದೊಂದು ಬೆಳೆಯುವುದರಿಂದ ಸೇರಬೇಕಾದ ಚುಕ್ಕಿ ಎರಡು ಹೆಚ್ಚುತ್ತದೆ. ಇದು ನಲವತ್ತಕ್ಕೂ ಸರಿ, ನಾಲ್ಕು ಕೋಟಿಗೂ ಸರಿ. ಪರೀಕ್ಷಿಸಿ ನೋಡಬೇಕಾದ್ದೇ ಇಲ್ಲ.

ಇದೇ ಖುಷಿಯಲ್ಲಿ ಇನ್ನೊಂದು. ನಡುವಿನ ಸಾಲಿಗೆ 15 ಚುಕ್ಕಿ ಇಟ್ಟು, ಮೇಲೂ ಕೆಳಗೂ ಎರಡೆರಡು ಕಡಿಮೆ ಮಾಡುತ್ತಾ 1ಕ್ಕೆ ನಿಲ್ಲಿಸುವ ರಂಗೋಲಿ ಇದೆಯಲ್ಲ, ಅದರಲ್ಲಿ ಒಟ್ಟು ಚುಕ್ಕಿ ಎಷ್ಟು? ಎಣಿಸಬೇಡಿ. 1ರಿಂದ 15ರವರೆಗೆ ಎಂಟು ಬೆಸ ಸಂಖ್ಯೆ, ಎಂಟರ ವರ್ಗ 64. ಇನ್ನೊಂದು ಬದಿಗೆ 13ರಿಂದ 1, ಏಳು ಸಂಖ್ಯೆ, ಏಳರ ವರ್ಗ 49. ಒಟ್ಟು 113. ಅಮ್ಮನಿಗೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳಿ.

ಬೆಸ ತಾರೀಖಿನ ಮಾತ್ರೆ

ಪರೀಕ್ಷೆ, ರಂಗೋಲಿ ಎಲ್ಲ ಸರಿ. ತಪ್ಪಿದರೆ ಒಂದು ಮಾರ್ಕು, ಒಂದು ಚುಕ್ಕಿ. ಆದರೆ ಇದೇ ಆರನೇ ಹೆಜ್ಜೆಯ ಕವಲು ನಮ್ಮ ಮನೆಗೂ ಒಂದು ಸಲ ಬಂದಿತ್ತು.

ಅಪ್ಪನಿಗೆ ಹೃದಯದ ಕವಾಟದ ಆಪರೇಷನ್ ಆಗಿದೆ. ಅಂದಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ದಿನಾ ತಗೋಬೇಕು. ಪ್ರಮಾಣ ಕಮ್ಮಿಯಾದರೆ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಅದಕ್ಕೇ ಆಗಾಗ ಐಎನ್‌ಆರ್ ಅನ್ನೋ ರಕ್ತಪರೀಕ್ಷೆ ಮಾಡಿಸಿ, ಅದನ್ನು ನೋಡಿ ಡಾಕ್ಟರು ಪ್ರಮಾಣ ಹೇಳುತ್ತಾರೆ. ಒಂದು ಸಲ ಹೇಳಿದರು: "ಒಂದು ದಿನ ಒಂದೂವರೆ, ಮಾರನೇ ದಿನ ಒಂದು. ಹೀಗೇ ದಿನ ಬಿಟ್ಟು ದಿನ."

ಅಪ್ಪ ಶಿಸ್ತಿನ ಮನುಷ್ಯ. ನೆನಪಿಡೋಕೆ ಸುಲಭದ ಉಪಾಯ ಮಾಡಿಕೊಂಡರು. ಬೆಸ ತಾರೀಖಿಗೆ ಒಂದೂವರೆ, ಸಮ ತಾರೀಖಿಗೆ ಒಂದು. ಗೋಡೆಯ ಕ್ಯಾಲೆಂಡರ್ ನೋಡಿದರೆ ಸಾಕು, ನಿನ್ನೆ ಏನು ತಗೊಂಡೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. 1, 3, 5, 7, 9 ಅಂತ ಇಡೀ ಜನವರಿ ಚೆನ್ನಾಗೇ ನಡೆಯಿತು. ಫೆಬ್ರವರಿ ಒಂದನೇ ತಾರೀಖು ರಾತ್ರಿ ಮಾತ್ರೆ ಬಿಡಿಸುವಾಗ ಅಮ್ಮ ಕೇಳಿದರು: "ಅಲ್ಲ ರೀ, ನಿನ್ನೆನೂ ಒಂದೂವರೆ ತಗೊಂಡ್ರಲ್ಲ, ಇವತ್ತೂ ಒಂದೂವರೆನಾ?"

31 ಬೆಸ. 1 ಕೂಡ ಬೆಸ.

"ದಿನ ಬಿಟ್ಟು ದಿನ" ಅನ್ನೋದು ಒಂದು ನಿಯಮ, "ಬೆಸ ತಾರೀಖಿಗೆ" ಅನ್ನೋದು ಇನ್ನೊಂದು. ಮೂವತ್ತೊಂದು ದಿನ ಎರಡೂ ಒಂದೇ ಉತ್ತರ ಕೊಟ್ಟವು. ಮೂವತ್ತೆರಡನೇ ದಿನ ದಾರಿ ಕವಲೊಡೆಯಿತು. 30 ದಿನದ ತಿಂಗಳಲ್ಲಿ ಈ ತೊಂದರೆ ಇಲ್ಲ, 29 ಆದಮೇಲೆ 30, ಆಮೇಲೆ 1. 28 ದಿನದ ಫೆಬ್ರವರಿಯಲ್ಲೂ ಇಲ್ಲ. ಆದರೆ ವರ್ಷಕ್ಕೆ 31 ದಿನದ ತಿಂಗಳು ಏಳು. ಅಧಿಕ ವರ್ಷವಾದರೆ ಫೆಬ್ರವರಿ 29 ಕೂಡ ಸೇರಿ ಎಂಟು ಸಲ. ಸಾಮಾನ್ಯ ವರ್ಷದ ಲೆಕ್ಕ ಹಾಕಿದರೆ ಬೆಸ ತಾರೀಖುಗಳು 186, ಸಮ ತಾರೀಖುಗಳು 179. ಏಳು ದಿನದ ವ್ಯತ್ಯಾಸ ಬಂದಿದ್ದು ಆ ಏಳು ತಿಂಗಳ ಬಾಗಿಲಲ್ಲೇ.

ಮಾರನೇ ದಿನ ಅಪ್ಪ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಅವರು ರಕ್ತಪರೀಕ್ಷೆ ಮಾಡಿಸಿ ನೋಡಿದರು, ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ಆಮೇಲೆ ವಾರದ ಲೆಕ್ಕದಲ್ಲಿ ಬರೆದುಕೊಟ್ಟರು: ಸೋಮ, ಬುಧ, ಶುಕ್ರ ಒಂದೂವರೆ, ಉಳಿದ ನಾಲ್ಕು ದಿನ ಒಂದು. ವಾರದ ದಿನಗಳು ಏಳು, ಅದೂ ಬೆಸ. ಹಾಗಾಗಿ ಇಲ್ಲೂ ಶನಿವಾರ, ಭಾನುವಾರ ಪಕ್ಕಪಕ್ಕ ಒಂದೇ ಪ್ರಮಾಣ ಬೀಳುತ್ತದೆ. ಆದರೆ ಅದು ಡಾಕ್ಟರಿಗೆ ಗೊತ್ತಿದ್ದು, ಅವರೇ ಲೆಕ್ಕ ಹಾಕಿ ಇಟ್ಟ ಜಾಗ. ಕ್ಯಾಲೆಂಡರ್ ಮಾಡಿದ ಕಿತಾಪತಿ ಅಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ದಿನ ಬಿಟ್ಟು ದಿನದ ಮಾತ್ರೆ ಇದ್ದರೆ, ನನ್ನ ಅಂಕಣ ನೋಡಿ ಏನೂ ಬದಲಾಯಿಸಬೇಡಿ. ತಿಂಗಳ ಕೊನೆಯಲ್ಲಿ ಏನು ಮಾಡಬೇಕು ಅಂತ ನಿಮ್ಮ ಡಾಕ್ಟರನ್ನೇ ಒಂದು ಮಾತು ಕೇಳಿ.

ನನ್ನ ವೃತ್ತಿಯವರು ಇದನ್ನು ಓದುತ್ತಿದ್ದರೆ ಈಗಾಗಲೇ ನಕ್ಕಿರುತ್ತೀರಿ. ಕ್ರಾನ್‌ನಲ್ಲಿ ತಿಂಗಳ ದಿನದ ಜಾಗದಲ್ಲಿ ಎರಡೆರಡು ಹೆಜ್ಜೆ ಅಂತ ಬರೆದರೆ ಆಗೋದೂ ಇದೇ. 1, 3, 5 ಅಂತ 31ರವರೆಗೆ ಓಡಿ, ಮಾರನೇ ದಿನವೇ ಮತ್ತೆ 1ಕ್ಕೆ ಓಡುತ್ತದೆ. ಅದು ತಾರೀಖನ್ನು ನೋಡುತ್ತದೆ, ಹಿಂದಿನ ಸಲ ಯಾವಾಗ ಓಡಿದೆ ಅಂತ ನೋಡುವುದಿಲ್ಲ. ಬರೆದವರ ಮನಸ್ಸಿನಲ್ಲಿದ್ದ ನಿಯಮ ಒಂದು, ಯಂತ್ರಕ್ಕೆ ಕೊಟ್ಟ ನಿಯಮ ಇನ್ನೊಂದು. ಟೆಸ್ಟಿಂಗ್ ಹತ್ತು ದಿನ ಮಾಡಿದರೂ ಸಿಗುವುದಿಲ್ಲ, ಆ ಹತ್ತು ದಿನದಲ್ಲಿ ತಿಂಗಳ ಕೊನೆ ಇರದಿದ್ದರೆ.

ಸರಣಿಗಳ ವಿಶ್ವಕೋಶ

ಮುಂದಿನ ಸಂಖ್ಯೆ ಯಾವುದು ಅನ್ನುವ ಪ್ರಶ್ನೆಗೆ ಜಗತ್ತಿನಲ್ಲೇ ಹೆಚ್ಚು ತಲೆಕೊಟ್ಟ ಮನುಷ್ಯ ಬಹುಶಃ ನೀಲ್ ಸ್ಲೋನ್. 1964ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಪೂರ್ಣಾಂಕ ಸರಣಿಗಳನ್ನು ಸಂಗ್ರಹಿಸಲು ಶುರುಮಾಡಿದರು. 1973ರಲ್ಲಿ 2,372 ಸರಣಿಗಳ ಪುಸ್ತಕ ತಂದರು. 1996ರಿಂದ ಅದು ಅಂತರ್ಜಾಲದಲ್ಲಿದೆ, ಯಾರು ಬೇಕಾದರೂ ನೋಡಬಹುದು. ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು ಸರಣಿಗಳಿವೆ, ಪ್ರತಿಯೊಂದಕ್ಕೂ ಒಂದು ನಂಬರು. ನಮ್ಮ ಸಾದಾ ಬೆಸ ಸಂಖ್ಯೆಗಳದ್ದು ಎ005408.

ನಾಲ್ಕೈದು ಸಂಖ್ಯೆ ಟೈಪ್ ಮಾಡಿದರೆ ಅದು ಹುಡುಕಿ ಕೊಡುತ್ತದೆ. 1, 3, 5, 7, 9 ಅಂತ ಹಾಕಿ ನೋಡಿ. ಒಂದೇ ಉತ್ತರ ಬರುವುದಿಲ್ಲ, ಉದ್ದದ ಪಟ್ಟಿ ಬರುತ್ತದೆ. ಜಗತ್ತಿನ ಸರಣಿಗಳನ್ನೆಲ್ಲ ಒಟ್ಟುಮಾಡಿದ ವಿಶ್ವಕೋಶವೇ "ಮುಂದಿನದು ಇದೇ" ಅಂತ ಹೇಳುವುದಿಲ್ಲ. "ಇವೆಲ್ಲ ಆಗಬಹುದು, ನಿನ್ನ ನಿಯಮ ಯಾವುದು ನೋಡಿಕೋ" ಅನ್ನುತ್ತದೆ. ನಾಲ್ಕು ಆಯ್ಕೆಯ ಅಭ್ಯಾಸ ಪತ್ರಿಕೆಗೆ ಇರುವ ಧೈರ್ಯ ಅದಕ್ಕಿಲ್ಲ.

ಪರೀಕ್ಷೆ ಬರೆಯುವವರು ಪರೀಕ್ಷೆಯ ಆಟ ಆಡಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಮೂವತ್ತರ ಆಸುಪಾಸಿನ ನಮ್ಮಲ್ಲಿ ಎಷ್ಟೋ ಜನ ಈಗ ಆ ಕಡೆಯ ಕುರ್ಚಿಗೆ ಬಂದಿದ್ದೇವೆ. ಪ್ರಶ್ನೆ ತಯಾರಿಸುತ್ತೇವೆ, ಸಂದರ್ಶನ ಮಾಡುತ್ತೇವೆ, ಮೂರು ತಿಂಗಳ ಗ್ರಾಫ್ ನೋಡಿ ನಾಲ್ಕನೇ ತಿಂಗಳಿಗೆ ಗೆರೆ ಎಳೆಯುತ್ತೇವೆ, ಮನೆಗೆ ಫೋನ್ ಮಾಡಿ ಅಪ್ಪ ಅಮ್ಮನ ಮಾತ್ರೆ ಲೆಕ್ಕ ಕೇಳುತ್ತೇವೆ. ನಮ್ಮ ತಂಡದ ಸಂದರ್ಶನಗಳಲ್ಲಿ ಸರಣಿಯ ಪ್ರಶ್ನೆ ಕೊಟ್ಟರೆ ನಾನು ಮುಂದಿನ ಸಂಖ್ಯೆ ಕೇಳುವುದಿಲ್ಲ. "ಇದಕ್ಕೆ ಹೊಂದುವ ಎರಡು ನಿಯಮ ಹೇಳಿ, ಅವು ಎಲ್ಲಿ ಬೇರೆಯಾಗುತ್ತವೆ ಹೇಳಿ" ಅಂತ ಕೇಳುತ್ತೇನೆ. ಹುಡುಗರ ತಲೆ ಓಡುವ ರೀತಿ ಅಲ್ಲಿ ಕಾಣುತ್ತದೆ. ಸುಮ್ಮನೆ ಊಹಿಸಿದವರು ಮೊದಲನೇ ನಿಯಮಕ್ಕೇ ನಿಲ್ಲುತ್ತಾರೆ. ಯೋಚಿಸಿದವರು ಮೂರನೆಯದನ್ನೂ ತರುತ್ತಾರೆ.

ಈ ವಾರಕ್ಕೆ ನಿಮಗೂ ಒಂದು ಕೆಲಸ. 1, 13, 135, 1357, 13579, 135791, 1357913... ಅಂತ ಐದೇ ಅಂಕಿ ಸುತ್ತುವ ಸರಣಿಯಲ್ಲಿ, 7ರಿಂದ ನಿಶ್ಶೇಷವಾಗಿ ಭಾಗವಾಗುವ ಮೊದಲ ಸಂಖ್ಯೆ ಎಷ್ಟನೆಯದು? ದೊಡ್ಡ ಭಾಗಾಕಾರ ಬೇಡ. ಶೇಷವನ್ನಷ್ಟೇ ಕೈಯಲ್ಲಿ ಹಿಡಿದು ನಡೆಯಿರಿ: ಹತ್ತರಿಂದ ಗುಣಿಸಿ, ಮುಂದಿನ ಅಂಕಿ ಕೂಡಿಸಿ, ಏಳುಗಳನ್ನು ಕಳೆದು ಉಳಿದದ್ದನ್ನು ಬರೆದುಕೊಳ್ಳಿ. ಮೆಟ್ರೋದಲ್ಲಿ ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ಆಗುತ್ತದೆ. ಹತ್ತನೇ ಹೆಜ್ಜೆಯಲ್ಲಿ "ಇದು ಎಂದೂ ಭಾಗವಾಗಲ್ಲ" ಅನ್ನಿಸಿದರೆ, ಯಾಕೆ ಹಾಗನ್ನಿಸಿತು ಅಂತ ಒಂದು ಸಲ ಕೇಳಿಕೊಂಡು, ಇನ್ನೂ ಸ್ವಲ್ಪ ಮುಂದೆ ನಡೆಯಿರಿ.